ಪುಟದ ಚಿತ್ರ ಇ-ಪುಸ್ತಕವಲ್ಲ

ಮಲೆನಾಡಿನ ಮಳೆಗಾಲ ಪುಸ್ತಕಗಳ ಶತ್ರು. ಸಕಲೇಶಪುರದ ಹೆತ್ತೂರು, ಯಸಳೂರು, ಹಾನುಬಾಳು ಕಡೆ ಜೂನ್ ಕಳೆಯುವಷ್ಟರಲ್ಲಿ ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಆಲೂರಿನ ಹಳ್ಳಿಗಳಲ್ಲಿ ಹೊಸ ಪುಸ್ತಕ ಬೇಕೆಂದವರು ಹಾಸನದ ಬಸ್ಸು ಹತ್ತಬೇಕು. ಇಂಥ ಊರುಗಳಿಗೆ ಇ-ಪುಸ್ತಕ ವರವಾಗಬೇಕಿತ್ತು. ಆದರೆ ನಮ್ಮ ಅನೇಕ ಪ್ರಕಾಶಕರು ಇ-ಪುಸ್ತಕವೆಂದು ಕೊಡುತ್ತಿರುವುದೇನು? ಮುದ್ರಣಾಲಯಕ್ಕೆ ಕಳಿಸಿದ ಪಿಡಿಎಫ್ ಕಡತವನ್ನೇ!

1993ರಲ್ಲಿ ಪಿಡಿಎಫ್ ಬಂದದ್ದು ಪುಟವು ಎಲ್ಲಿ ತೆರೆದರೂ ಒಂದೇ ರೀತಿ ಕಾಣಲೆಂದು. ಅಚ್ಚಿಗೆ ಅದು ಗುಣ, ಓದಿಗೆ ಶಿಕ್ಷೆ. ಕಾಫಿ ತೋಟದ ಲೈನ್ ಮನೆಯ ಹುಡುಗಿಯ ಕೈಯಲ್ಲಿರುವುದು ಅಂಗೈಯಗಲದ ಫೋನು. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಓಡುತ್ತದೆ. ಪ್ರತಿ ಸಾಲಿಗೂ ಅತ್ತಿತ್ತ ಎಳೆಯಬೇಕು. ಸ್ಕ್ಯಾನ್ ಮಾಡಿದ ಪುಸ್ತಕವಾದರೆ ಕಡತ ಇನ್ನೂ ಭಾರ. ದಿಣ್ಣೆ ಹತ್ತಿದರಷ್ಟೇ ಸಿಗ್ನಲ್ ಸಿಗುವಲ್ಲಿ ಅದು ಇಳಿಯುವುದಾದರೂ ಯಾವಾಗ?

ಇನ್ನೊಂದು ರೋಗ ಅಕ್ಷರದೊಳಗೇ ಇದೆ. ನುಡಿ, ಬರಹ ತಂತ್ರಾಂಶಗಳು ಕಂಪ್ಯೂಟರಿಗೆ ಕನ್ನಡ ತಂದವು. ಆ ಋಣ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಅಂಥ ಕಡತದಲ್ಲಿ ಪದ ಹುಡುಕಿದರೆ ಸಿಗದು. ಅಂಧರಿಗೆ ಓದಿ ಹೇಳುವ ತಂತ್ರಾಂಶದ ಬಾಯಲ್ಲಿ ಅದು ಅರ್ಥವಿಲ್ಲದ ಸದ್ದು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿತ್ತು. ಇಷ್ಟು ವರ್ಷಗಳ ನಂತರವೂ ಹಳೆಯ ಫಾಂಟಿನಲ್ಲೇ ಪುಟ ಕಟ್ಟುವುದು ಯಾವ ನ್ಯಾಯ?

ದಾರಿ ಇದೆ. ಇಪಬ್ ಎಂಬ ಮುಕ್ತ ಮಾದರಿ 2007ರಿಂದ ಬಳಕೆಯಲ್ಲಿದೆ. ಪರದೆಗೆ ತಕ್ಕಂತೆ ಸಾಲು ತಾನೇ ಮುರಿದುಕೊಳ್ಳುತ್ತದೆ, ಅಕ್ಷರ ಹಿಗ್ಗುತ್ತದೆ, ಕಡತ ಹಗುರ. ಯೂನಿಕೋಡಿನಲ್ಲಿ ಕನ್ನಡದ ಮಗ್ಗುಲಲ್ಲೇ ಅರಬಿ ಉಲ್ಲೇಖವನ್ನೂ ಇಡಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕ ಮಾರಾಟ ಘೋಷಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಒಂದು ಕಂಪೆನಿಯ ಅಂಗಡಿಯ ಬಾಗಿಲು ತೆರೆಯಲೆಂದು ಕಾದು ಕೂರುವುದು ಭಾಷೆಯ ಮರ್ಯಾದೆಯಲ್ಲ.

ಇಪಬ್ ಕೊಟ್ಟರೆ ಕಳ್ಳಪ್ರತಿ ಹಬ್ಬುತ್ತದೆ ಎನ್ನುವವರಿದ್ದಾರೆ. ಪಿಡಿಎಫ್ ವಾಟ್ಸ್ಯಾಪಿನಲ್ಲಿ ಹರಿದಾಡುತ್ತಿಲ್ಲವೇ? ಹಳೆಯ ಕಡತ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ ಎನ್ನುತ್ತಾರೆ. ನಿಜ. ಅದಕ್ಕೇ ಕರಡು ತಿದ್ದುವವರಿಗೆ ಕೂಲಿ ಕೊಡಬೇಕು. ಮುಖಪುಟಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ಅಕ್ಷರಕ್ಕೂ ಸಲ್ಲಲಿ. ಚಿತ್ರಗಳೇ ಮುಖ್ಯವಾದ ಪುಸ್ತಕಕ್ಕೆ ಪಿಡಿಎಫ್ ಇರಲಿ. ಕತೆ, ಲೇಖನ, ಚರಿತ್ರೆಗಳಿಗೆ ಬೇಡ.

ಪ್ರಕಾಶಕರಲ್ಲಿ ನಮ್ಮ ಬೇಡಿಕೆ ಇಷ್ಟೆ: ಹಸ್ತಪ್ರತಿ ಯೂನಿಕೋಡಿನಲ್ಲಿರಲಿ, ಓದುಗನಿಗೆ ಇಪಬ್ ಸಿಗಲಿ, ಪಿಡಿಎಫ್ ಅಚ್ಚುಮನೆಗೆ ಹೋಗಲಿ. ಲೇಖಕರೂ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಇದನ್ನು ಕೇಳಿ ಬರೆಸಿಕೊಳ್ಳಲಿ. ಓದಲಾಗದಂತೆ ಪುಸ್ತಕ ಕೊಟ್ಟು, ಕನ್ನಡಕ್ಕೆ ಓದುಗರಿಲ್ಲ ಎಂದು ಗೋಳಿಡುವುದು ಇನ್ನು ಸಾಕು.