ಹಚ್ಚೆಯ ಸೂಜಿ, ಮುಖದ ಸೂಜಿ

ಕಳೆದ ಬೇಸಿಗೆಯಲ್ಲಿ ಪುಣಜನೂರಿನ ಪರಿಚಿತ ಕುಟುಂಬವೊಂದು ನಮ್ಮ ಮನೆಗೆ ಬಂದಿತ್ತು. ಮಗಳ ವಿವಾಹದ ಮಾತುಕತೆ ನಡೆದಿದ್ದುದರಿಂದ ಮುಹೂರ್ತ ಕೇಳಲು ಬಂದಿರಬಹುದೆಂದು ನಾನು ಪಂಚಾಂಗ ತೆಗೆದೆ. ತಾಯಿ ಕೈಚೀಲದಿಂದ ದಪ್ಪ ಪೆನ್ನಿನಂತಹ ಯಂತ್ರವೊಂದನ್ನು ತೆಗೆದು ಮುಂದಿಟ್ಟರು. "ಬುದ್ಧಿ, ಇದನ್ನ ಮುಖದ ಮೇಲೆ ಆಡಿಸಿದ್ರೆ ಮೊಡವೆ ಗುಳಿ ಮುಚ್ಚೋಯ್ತದಂತೆ. ಮೊಬೈಲ್‌ನಲ್ಲಿ ನೋಡಿ ತರಿಸವ್ಳೆ. ಆಡಿಸಬೌದಾ?"

ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದಿದವನಿಗೆ ಇದರ ಗಂಧ ಎಲ್ಲಿಂದ ಬರಬೇಕು? ಎರಡು ದಿನ ಅವಕಾಶ ಕೇಳಿ, ಮೈಸೂರಿನಲ್ಲಿ ಚರ್ಮರೋಗ ವೈದ್ಯರಾಗಿರುವ ಶಿಷ್ಯರೊಬ್ಬರಿಂದ ತಿಳಿದುಕೊಂಡೆ. ಇಂತಹ ಪೆನ್ನು ಇನ್ನೆಷ್ಟು ಮನೆಗಳ ಕಪಾಟಿನಲ್ಲಿದೆಯೋ ಎಂಬ ಆತಂಕದಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ನಮ್ಮ ಸೀಮೆಯ ಹಿರಿಯ ತಾಯಂದಿರಿಗೆ ಸೂಜಿ ಹೊಸದಲ್ಲ. ಕೊರವಂಜಿಯು ಮನೆಬಾಗಿಲಿಗೆ ಬಂದು, ದೀಪದ ಮಸಿಗೆ ಸೊಪ್ಪಿನ ರಸ ಬೆರೆಸಿ, ಹಣೆಗೂ ಮುಂಗೈಗೂ ಹಚ್ಚೆ ಹೊಯ್ಯುತ್ತಿದ್ದಳು. ಈ ಹೊಸ ಚಿಕಿತ್ಸೆಯ ಒಂದು ಬೇರು ಹಚ್ಚೆಯಲ್ಲಿಯೇ ಇದೆ ಎಂಬುದು ಸ್ವಾರಸ್ಯಕರ. ಕೆನಡಾ ದೇಶದ ಶಸ್ತ್ರವೈದ್ಯ ಕಾಮಿರಾಂಡ್ ಎಂಬುವರು ಮುಖದ ಬಿಳಿಯ ಗಾಯದ ಕಲೆಗಳನ್ನು ಮರೆಮಾಚಲು ಮೈಬಣ್ಣದ ಹಚ್ಚೆ ಹಾಕುತ್ತಿದ್ದರು. ಒಂದೆರಡು ವರ್ಷಗಳಲ್ಲಿ ಆ ಬಣ್ಣ ಮಾಸಿತಾದರೂ ಕಲೆಯ ಜಾಗದಲ್ಲಿ ಸಹಜ ವರ್ಣವೇ ಮರಳಿತ್ತು, ಚರ್ಮವೂ ನಯವಾಗಿತ್ತು. ಹಾಗಾದರೆ ಗುಣ ಬಣ್ಣದ್ದಲ್ಲ, ಸೂಜಿಯದು ಎಂದು ತರ್ಕಿಸಿ, ಬಣ್ಣವಿಲ್ಲದ ಹಚ್ಚೆಯಂತ್ರವನ್ನೇ ಬಳಸಿ 1997ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ಲೇಖನ ಪ್ರಕಟಿಸಿದರು. ದಕ್ಷಿಣ ಆಫ್ರಿಕದ ಡಾ. ಫರ್ನಾಂಡಿಸ್ ಅವರು ಸೂಜಿಗಳನ್ನು ನೆಟ್ಟ ಉರುಳೆಯನ್ನು ಬಳಕೆಗೆ ತಂದರು. ಮೋಟಾರಿನ ಪೆನ್ನು ಬಂದದ್ದು ಅನಂತರ.

ಪೆನ್ನಿನ ತುದಿಯಲ್ಲಿ ಹತ್ತಾರು ಸೂಕ್ಷ್ಮ ಸೂಜಿಗಳಿರುತ್ತವೆ. ಮೋಟಾರು ಅವುಗಳನ್ನು ಕ್ಷಣಕ್ಕೆ ಹಲವಾರು ಬಾರಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತದೆ. ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ತಿರುಗಣೆಯಿಂದ ನಿಗದಿಪಡಿಸಬಹುದು. ಮುಖದ ಹೊರಚರ್ಮದ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನದು. ಅದನ್ನು ದಾಟಿ ಒಳಚರ್ಮಕ್ಕೆ ಸೂಜಿ ತಾಕಿದಾಗ ದೇಹವು ಗಾಯವಾಯಿತೆಂದು ತಿಳಿದು ಮಾಯಿಸುವ ಕಾರ್ಯಕ್ಕೆ ತೊಡಗುತ್ತದೆ. ಆಗ ಕೊಲಾಜನ್ ಎಂಬ ಸಸಾರಜನಕದ ಹೊಸ ಎಳೆಗಳು ನೇಯಲ್ಪಟ್ಟು, ಕುಸಿದ ಭಾಗ ತಿಂಗಳುಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮೇಲೇಳುತ್ತದೆ. ಅಂದರೆ ಯಂತ್ರ ಮಾಡುವುದು ಗಾಯವನ್ನು ಮಾತ್ರ, ಗುಣಪಡಿಸುವುದು ಶರೀರ. ಒಂದು ಬಾರಿಗೆ ಫಲ ಕಾಣದು. ಸುಮಾರು ತಿಂಗಳಿಗೊಮ್ಮೆಯಂತೆ ಮೂರರಿಂದ ಆರು ಬಾರಿ ಬೇಕಾದೀತು. ಅಗಲವಾದ, ಆಳವಿಲ್ಲದ ಗುಳಿಗಳು ಚೆನ್ನಾಗಿ ಸ್ಪಂದಿಸುತ್ತವೆ. ದಬ್ಬಳದಿಂದ ಚುಚ್ಚಿದಂತಹ ಕಿರಿದಾದ ಆಳದ ಗುಳಿಗಳು ಅಷ್ಟಾಗಿ ಜಗ್ಗುವುದಿಲ್ಲ. ನಮ್ಮಂತಹ ಕಂದುಮೈಯವರಿಗೆ ಲೇಸರ್ ಚಿಕಿತ್ಸೆಗಿಂತ ಇದರಲ್ಲಿ ಕಪ್ಪುಕಲೆಯ ಭಯ ಕಡಿಮೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2018ರಲ್ಲಿ ಇಂತಹದೊಂದು ಪೆನ್ನಿಗೆ, 22 ವರ್ಷ ತುಂಬಿದವರ ಮೊಡವೆ ಕಲೆಗಳಿಗಾಗಿ ಅನುಮತಿ ನೀಡಿತು. ಆದ್ದರಿಂದ ಇದು ಬರಿಯ ಮೋಸವಲ್ಲ.

ಅಪಾಯವಿರುವುದು ಸೂಜಿಯನ್ನು ಹಿಡಿಯುವ ಕೈಯಲ್ಲಿ. ಆ ಹುಡುಗಿಯ ಕೆನ್ನೆಯಲ್ಲಿ ಇನ್ನೂ ಕೀವು ತುಂಬಿದ ಮೊಡವೆಗಳಿದ್ದವು. ಅವುಗಳ ಮೇಲೆ ಪೆನ್ನು ಓಡಿಸಿದರೆ ಸೋಂಕು ಮುಖವೆಲ್ಲ ಹರಡುತ್ತದೆ. ಗಾಯ ಮಾದ ಮೇಲೆ ಗಂಟುಗಟ್ಟುವ ಚರ್ಮದವರಿಗಂತೂ ಇದು ಸಲ್ಲದು. ಸೂಜಿಯಿಂದ ತೆರೆದ ರಂಧ್ರಗಳ ಮೇಲೆ ಕಂಡ ಕಂಡ ದ್ರವವನ್ನು ಸವರುವುದೂ ಅಪಾಯ: ಹಾಗೆ ಲೇಪನ ಬಳಸಿದ ಮೂವರು ಮಹಿಳೆಯರ ಮುಖದಲ್ಲಿ ಗಂಟುಗಳೆದ್ದುದನ್ನು ಅಮೆರಿಕದ ವೈದ್ಯರು 2014ರಲ್ಲಿ ವರದಿ ಮಾಡಿದ್ದಾರೆ. ಇನ್ನೂ ಘೋರವಾದುದು ಅಲ್ಲಿಯೇ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ನಡೆಯಿತು. ಪರವಾನಗಿಯಿಲ್ಲದ ಸೌಂದರ್ಯ ಕೇಂದ್ರವೊಂದರಲ್ಲಿ, ಅವರವರ ರಕ್ತವನ್ನೇ ಸಂಸ್ಕರಿಸಿ ಸೂಜಿಯೊಡನೆ ಮುಖಕ್ಕೆ ಸೇರಿಸುವ ಚಿಕಿತ್ಸೆ ಪಡೆದ ಮಹಿಳೆಯರಿಗೆ ಎಚ್‌ಐವಿ ಸೋಂಕು ತಗುಲಿತು. 2018ರಲ್ಲಿ ಬೆಳಕಿಗೆ ಬಂದ ಇದರ ವಿವರವನ್ನು ಅಲ್ಲಿನ ಆರೋಗ್ಯಾಧಿಕಾರಿಗಳು 2024ರಲ್ಲಿ ಪ್ರಕಟಿಸಿದರು. ಸೂಜಿಯ ತುದಿ ಒಬ್ಬರಿಗೆ, ಒಂದೇ ಬಾರಿಗೆ. ಅಕ್ಕ ತಂಗಿಯರೂ ಹಂಚಿಕೊಳ್ಳುವಂತಿಲ್ಲ.

ಮುಖದ ಚಿಂತೆ ಏಕೆ, ಗುಣ ಸಾಲದೆ ಎಂದು ಉಪದೇಶಿಸುವುದು ನನ್ನಂತಹ ಮುದುಕರಿಗೆ ಸುಲಭ. ಗಂಡಿನ ಕಡೆಯವರು ಬಾಯಿಬಿಟ್ಟು ಏನೂ ಅಂದಿರಲಿಲ್ಲ. ಭಾವಚಿತ್ರ ನೋಡಿ ಸುಮ್ಮನಾಗಿದ್ದರು, ಅಷ್ಟೇ. ಆ ಮೌನವನ್ನು ಹೊತ್ತು ಮಲಗಿದ ಹುಡುಗಿ ರಾತ್ರಿ ಮೊಬೈಲ್‌ನಲ್ಲಿ ಪೆನ್ನು ತರಿಸಿದರೆ ತಪ್ಪು ಆಕೆಯದೇ ಎನ್ನಲಾರೆ.

ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿಯೂ, ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳಲ್ಲಿಯೂ ಚರ್ಮರೋಗ ವಿಭಾಗಗಳಿವೆ. ತಾಯಿ ಮಗಳು ಹೋಗಿ ತೋರಿಸಿಕೊಂಡು ಬಂದರು. ಮೊದಲು ಮೊಡವೆ ಅಡಗಲೆಂದು ವೈದ್ಯರು ಔಷಧ ಕೊಟ್ಟು, ಮೂರು ತಿಂಗಳ ಮೇಲೆ ಬರಹೇಳಿದ್ದಾರಂತೆ. ಪೆನ್ನು ಈಗ ನಮ್ಮ ಮನೆಯಲ್ಲಿಯೇ ಇದೆ. ಹಿಂದಿರುಗಿಸೋಣವೆಂದರೆ ಪೆಟ್ಟಿಗೆಯ ಮೇಲೆ ಮಾರಿದವರ ವಿಳಾಸವೇ ಇಲ್ಲ.