ಸಮುದ್ರದಲ್ಲಿ ಎಷ್ಟು ಅಂತರ ಸಾಕು?



ತೋಟದ ಲೈನುಗಳಲ್ಲಿ ಬೆಳೆದ ನಮ್ಮ ಹುಡುಗರಲ್ಲಿ ವೆಲ್ಡಿಂಗ್, ಪೈಪ್ ಫಿಟ್ಟಿಂಗ್ ಕಲಿತು ಕಡಲಿನ ಎಣ್ಣೆಬಾವಿಗಳ ಕೆಲಸಕ್ಕೆ ಹೋಗುವವರಿದ್ದಾರೆ. ಮನೆಯಲ್ಲಿರುವ ತಾಯಂದಿರು ಬೆಂಕಿಗೆ, ಬಿರುಗಾಳಿಗೆ ಹೆದರುತ್ತಾರೆ. ಅಂತರದ ಸಂಗತಿಯನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಸಮುದ್ರದಲ್ಲಿ ಯಾವುದೂ ಅಲುಗದೆ ನಿಲ್ಲುವುದಿಲ್ಲ. ಉಕ್ಕಿನ ಕಾಲುಗಳ ಮೇಲಿನ ಪ್ಲಾಟ್‌ಫಾರಂ ಕೂಡ ಅಲೆಗೆ ಸ್ವಲ್ಪ ಓಲಾಡುತ್ತದೆ. ಅದರ ಪಕ್ಕಕ್ಕೆ ಬಂದ ಹಡಗು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸರಿಯುವುದಲ್ಲದೆ ಮೂರು ಬಗೆಯಲ್ಲಿ ಹೊರಳುತ್ತದೆ. ಆಳ ಕಡಲಿನಲ್ಲಿ ಎಣ್ಣೆ, ಅನಿಲ ಸಾಗಿಸುವ ರೈಸರ್ ಕೊಳವೆಗಳು ನೀರಿನ ಸೆಳೆತಕ್ಕೆ ಬಾಗುತ್ತವೆ. ಸಾಲಿನ ಮೊದಲ ಸಿಲ್ವರ್ ಓಕ್ ಗಾಳಿಯನ್ನು ತಡೆದರೆ ಹಿಂದಿನ ಮರಕ್ಕೆ ಅಷ್ಟು ಗಾಳಿ ತಾಗದಲ್ಲವೇ? ನೀರಿನಲ್ಲೂ ಹಾಗೆಯೇ. ಮುಂದಿನ ಕೊಳವೆ ಹೆಚ್ಚು ಬಾಗಿ, ಮರೆಯಲ್ಲಿರುವ ಹಿಂದಿನ ಕೊಳವೆಗೆ ಬಡಿಯಬಹುದು. ಆದ್ದರಿಂದ ನಕ್ಷೆಯಲ್ಲಿ ಕಾಣುವ ಅಂತರವನ್ನು ನಂಬುವಂತಿಲ್ಲ. ಓರ್ಕಾಫ್ಲೆಕ್ಸ್‌ನಂಥ ಕಂಪ್ಯೂಟರ್ ಸಾಫ್ಟ್‌ವೇರ್‌ಗಳಲ್ಲಿ ಎಂಜಿನಿಯರರು ಕೆಲವು ತಾಸುಗಳ ಬಿರುಗಾಳಿಯನ್ನೇ ಲೆಕ್ಕದಲ್ಲಿ ಎಬ್ಬಿಸಿ, ಕ್ಷಣಕ್ಷಣದ ಅಂತರ ಅಳೆದು, ಅತಿ ಕಡಿಮೆ ಎಷ್ಟೆಂದು ನೋಡುತ್ತಾರೆ. ಬೇಕಾದ ಕೆಲಸವೇ. ಆದರೆ ಹಡಗಿನ ಒಂದು ಯಂತ್ರ ಕೆಟ್ಟರೆ ಏನಾಗುವುದೆಂದು ಕೇಳದಿದ್ದರೆ ಕಂಪ್ಯೂಟರ್ ತಾನಾಗಿ ಹೇಳುವುದಿಲ್ಲ.

2005ರ ಜುಲೈ 27ರಂದು ಮುಂಬಯಿಯಿಂದ ಸುಮಾರು 160 ಕಿ.ಮೀ. ದೂರದ ಕಡಲಿನಲ್ಲಿ, 'ಸಮುದ್ರ ಸುರಕ್ಷಾ' ಎಂಬ ಹಡಗಿನ ಅಡುಗೆಯವನೊಬ್ಬನ ಬೆರಳುಗಳು ಕತ್ತರಿಸಿದವು. ಮಳೆಗಾಲದ ಹವೆಯಲ್ಲಿ ಹೆಲಿಕಾಪ್ಟರು ಬರುವಂತಿರಲಿಲ್ಲ. ಕ್ರೇನಿನ ಬುಟ್ಟಿಯಲ್ಲಿ ಅವನನ್ನು ಮುಂಬಯಿ ಹೈ ನಾರ್ತ್ ಪ್ಲಾಟ್‌ಫಾರಮ್ಮಿಗೆ ಏರಿಸಲು ಹಡಗು ಹತ್ತಿರ ಬಂತು. ಗಾಳಿಮರೆಯ ಕಡೆಯ ಕ್ರೇನು ಕೆಟ್ಟಿದ್ದುದರಿಂದ ಗಾಳಿ ಹೊಡೆಯುವ ಕಡೆಯಿಂದಲೇ ಬರಬೇಕಾಯಿತು. ಹಡಗನ್ನು ಹಿಡಿದು ನಿಲ್ಲಿಸುವ ಕಂಪ್ಯೂಟರ್ ವ್ಯವಸ್ಥೆಯಲ್ಲೂ ತೊಂದರೆಯಿತ್ತು, ಕೈಯಿಂದಲೇ ನಡೆಸಿದರು. ಗಾಯಾಳು ಮೇಲೇರಿದ. ಹಡಗು ಹಿಂದಿರುಗುವಾಗ ಅಲೆ ಅದನ್ನು ತಳ್ಳಿತು; ಅದರ ಹೆಲಿಕಾಪ್ಟರ್ ಕಟ್ಟೆ ಅನಿಲದ ರೈಸರಿಗೆ ಬಡಿಯಿತು. ಸುಮಾರು ಎರಡು ತಾಸಿನಲ್ಲಿ ಪ್ಲಾಟ್‌ಫಾರಂ ಉರಿದುಹೋಯಿತು. 384 ಜನರಲ್ಲಿ 362 ಜನ ಉಳಿದರು, 22 ಜನ ಸತ್ತರು. ಹಡಗಿನ ಒತ್ತಡದ ಕೋಣೆಯಲ್ಲಿದ್ದ 6 ಮುಳುಗುಗಾರರನ್ನು ಹೊರತಂದದ್ದು 36 ತಾಸುಗಳ ಮೇಲೆ.

ಅಡುಗೆಯವನಿಂದಲೇ ಇಷ್ಟೆಲ್ಲ ಆಯಿತೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಗಾಯಗೊಂಡವನನ್ನು ವೈದ್ಯರ ಬಳಿಗೆ ಒಯ್ಯಬೇಕಾದದ್ದೇ. ಕೆಟ್ಟ ಕ್ರೇನನ್ನೂ ಹೊಡೆತಕ್ಕೆ ಮೈಯೊಡ್ಡಿದ ಕೊಳವೆಯನ್ನೂ ಯಾಕೆ ಹಾಗೇ ಬಿಟ್ಟಿದ್ದರು? ಮಾಳಿಗೆಗೆ ಸುತ್ತುಗೋಡೆ ಕಟ್ಟದ ಮನೆಯ ಮೇಲೆಯೇ ಬಿದ್ದವನ ರಕ್ತದ ಹೊಣೆ ಬರುವುದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ತಿಳಿಸುತ್ತದೆ. ಬಿದ್ದವನನ್ನು ದೂರುವ ಮಾತು ಅಲ್ಲಿಲ್ಲ.

ಕಡಲಿಗೆ ಹೊರಟ ಹುಡುಗರು ಸಂಬಳದ ಜೊತೆ ಇದನ್ನೂ ವಿಚಾರಿಸಲಿ: ಹಡಗು ಎಷ್ಟು ಹತ್ತಿರ ಬರಬಹುದು? ಯಂತ್ರ ಕೆಟ್ಟ ಸ್ಥಿತಿಗೂ ಲೆಕ್ಕ ಮಾಡಿದ್ದಾರೆಯೇ? ಹತ್ತಿರ ಬರಬೇಡವೆಂದು ಹೇಳುವ ಅಧಿಕಾರ ಯಾರಿಗಿದೆ? ಒಬ್ಬನೇ ಕೇಳಿದರೆ ಗುತ್ತಿಗೆದಾರ ಅವನನ್ನು ಮನೆಗೆ ಕಳುಹಿಸಬಹುದು. ತಂಡವಾಗಿ ಕೇಳಿರಿ.