ಬಸ್ಸು ಇದೆ, ಸರಿ, ಎಷ್ಟು ಹೊತ್ತಿಗೆ?

ಯಾವುದೇ ಹಳ್ಳಿಯ ಸರ್ಕಾರಿ ವಿವರ ತೆಗೆದು ನೋಡಿ, ಒಂದೇ ಅಚ್ಚಿನ ಮಾತು: ಜನಸಂಖ್ಯೆ ಇಷ್ಟು, ಮನೆಗಳು ಇಷ್ಟು, ಬಸ್ ಸೌಲಭ್ಯ ಇದೆ. ಇದರ ಮೂಲ 2011ರ ಜನಗಣತಿಯ ಜಿಲ್ಲಾ ಕೈಪಿಡಿ. ಅಲ್ಲಿ ಪ್ರತಿ ಹಳ್ಳಿಗೂ ಒಂದು ಸಾಲು. ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ಆಟೊ, ಟ್ರ್ಯಾಕ್ಟರು, ಎತ್ತಿನಗಾಡಿ, ದೋಣಿ ಎಲ್ಲಕ್ಕೂ ಒಂದೊಂದು ಕಲಂ. ಇದ್ದರೆ ‘ಇದೆ’. ಇಲ್ಲದಿದ್ದರೆ ಎಷ್ಟು ದೂರದಲ್ಲಿ ಸಿಗುತ್ತದೆ ಎಂದು ಹೇಳಲು ಮೂರು ಅಕ್ಷರ: 5 ಕಿ.ಮೀ. ಒಳಗಾದರೆ ಎ, 5ರಿಂದ 10 ಆದರೆ ಬಿ, ಅದಕ್ಕೂ ಆಚೆ ಸಿ.

‘ಇದೆ’ ಎಂಬುದು ಸುಳ್ಳಲ್ಲ, ಅರ್ಧ ನಿಜ. ಅರ್ಧ ನಿಜವನ್ನು ಪ್ರಶ್ನಿಸುವುದು ಸುಳ್ಳನ್ನು ಪ್ರಶ್ನಿಸುವುದಕ್ಕಿಂತ ಕಷ್ಟ. ದಿನಕ್ಕೊಂದೇ ಬಸ್ಸಿನ ಊರಿಗೂ ‘ಇದೆ’, ಗಂಟೆಗೊಂದು ಬಸ್ಸು ನಿಲ್ಲುವ ಹೆದ್ದಾರಿ ಪಕ್ಕದ ಊರಿಗೂ ‘ಇದೆ’. ಪಿಯುಸಿ ಹುಡುಗಿ ಕಾಲೇಜು ಮುಗಿಸಿ ಮನೆ ಸೇರಬಲ್ಲಳೇ ಎಂಬ ಪ್ರಶ್ನೆಗೆ ಈ ಪದದಲ್ಲಿ ಉತ್ತರವಿಲ್ಲ.

ಸಾಗರ ತಾಲ್ಲೂಕಿನ ತುಮರಿಯ ಸೀಮೆಯನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತಿತು. ನಾಡಿಗೆ ಬೆಳಕು ಬಂತು, ಆ ಹಳ್ಳಿಗಳು ತಾಲ್ಲೂಕು ಕೇಂದ್ರದಿಂದ ತುಂಡಾದವು. ಸೇತುವೆ ತೆರೆದದ್ದು 2025ರ ಜುಲೈ 14ರಂದು. ಅಲ್ಲಿಯವರೆಗೆ ಜನರಿಗೆ ದಾರಿ ಎಂದರೆ ಲಾಂಚು. ದೋಣಿಯ ಕಲಂನಲ್ಲಿ ‘ಇದೆ’ ಎಂದು ಬರೆದರೆ ತಪ್ಪೇನೂ ಆಗುತ್ತಿರಲಿಲ್ಲ. ಆದರೆ ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದವಳಿಗೆ, ಹಾವು ಕಚ್ಚಿದವನಿಗೆ ಆ ‘ಇದೆ’ ಎಲ್ಲಿತ್ತು?

ಗಣತಿಯೇನು ಬಸ್ಸಿನ ವೇಳಾಪಟ್ಟಿಯೇ ಎಂದು ಅಧಿಕಾರಿಗಳು ಕೇಳಬಹುದು. ಅದೇ ಕೈಪಿಡಿಯಲ್ಲಿ ಕರೆಂಟಿಗೆ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಗಂಟೆ, ಚಳಿಗಾಲದಲ್ಲಿ ಎಷ್ಟು ಗಂಟೆ ಎಂಬ ಕಲಂಗಳಿವೆ. ಕಂಬ ನೆಟ್ಟ ಮಾತ್ರಕ್ಕೆ ಕರೆಂಟು ಬಂದಂತಲ್ಲ ಎಂಬುದು ಸರ್ಕಾರಕ್ಕೆ ಅರ್ಥವಾಗಿದೆ. ಬಸ್ಸಿನ ವಿಷಯದಲ್ಲಿ ಯಾಕೆ ಅರ್ಥವಾಗುವುದಿಲ್ಲ?

ಕೆಲಸಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದೂ 2011ರಲ್ಲಿ ಕೇಳಿದರು. ಆದರೆ ರೈತರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರನ್ನು ಆ ಪ್ರಶ್ನೆಯಿಂದಲೇ ಹೊರಗಿಟ್ಟರು. ಹಳ್ಳಿಯಲ್ಲಿ ಹೆಚ್ಚಿನವರು ಇವರೇ. ಇವರ ನಡಿಗೆ ಲೆಕ್ಕಕ್ಕೇ ಬರಲಿಲ್ಲ.

ತಲೆ ಎಣಿಕೆಯ ಕಥೆಯೂ ಇಷ್ಟೇ. ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತಕ್ಕೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಬಯಲುಸೀಮೆಯ ಜನವಸತಿಗೆ 500 ಜನರಿರಬೇಕು, ಅದೂ 2011ರ ಲೆಕ್ಕದಲ್ಲಿ. ಹೊಸ ಲೆಕ್ಕ ಬಂದರೂ ಸಣ್ಣ ಊರಿಗೆ ಲಾಭವೇ ಆಗಬೇಕೆಂದಿಲ್ಲ. ಬಸ್ಸಿಲ್ಲವೆಂದು ಜನ ಊರು ಬಿಡುತ್ತಾರೆ, ಜನವಿಲ್ಲವೆಂದು ಬಸ್ಸು ನಿಲ್ಲುತ್ತದೆ. ಪುಣೆಯಲ್ಲಿ, ಹೈದರಾಬಾದಿನಲ್ಲಿ ಎಣಿಕೆಯಾಗುವ ಒಂದೊಂದು ಹೆಸರೂ ಯಾವುದೋ ಹಳ್ಳಿಯ ಸಾಲಿನಿಂದ ಕಳೆದ ಸಂಖ್ಯೆ.

ಟಿಕೆಟ್ ದರದ ಬಗ್ಗೆ ಸರ್ಕಾರಗಳು ಸಾಕಷ್ಟು ಉದಾರವಾಗಿವೆ. ಮಹಾರಾಷ್ಟ್ರದ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ದರ, ಕರ್ನಾಟಕದಲ್ಲಿ 2023ರ ಜೂನ್‌ನಿಂದ, ತೆಲಂಗಾಣದಲ್ಲಿ ಅದೇ ವರ್ಷದ ಡಿಸೆಂಬರ್‌ನಿಂದ ಪುಕ್ಕಟೆ. ಒಳ್ಳೆಯದೇ. ಆದರೆ ಬಾರದ ಬಸ್ಸು ಎಲ್ಲರಿಗೂ ಪುಕ್ಕಟೆಯೇ.

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಈ ಬಾರಿಯ ಹಳ್ಳಿ ಪಟ್ಟಿಗೆ ಮೂರೇ ಅಂಕಿ ಸೇರಿಸಲಿ: ಮೊದಲ ಬಸ್ಸು ಎಷ್ಟು ಗಂಟೆಗೆ, ಕೊನೆಯದು ಎಷ್ಟು ಗಂಟೆಗೆ, ದಿನಕ್ಕೆ ಎಷ್ಟು ಸಲ. ಊರಿನ ಯಾರನ್ನು ಕೇಳಿದರೂ ಒಂದು ನಿಮಿಷದಲ್ಲಿ ಹೇಳುತ್ತಾರೆ. ಇಷ್ಟು ದಿನ ಕೇಳಿಲ್ಲ, ಅಷ್ಟೇ. ಕೇಳಿದರೆ ಉತ್ತರ ದಾಖಲೆಗೆ ಸೇರುತ್ತದೆ, ದಾಖಲೆಗೆ ಸೇರಿದ ಮೇಲೆ ಅದಕ್ಕೆ ಯಾರಾದರೂ ಜವಾಬು ಕೊಡಬೇಕಾಗುತ್ತದೆ.